ಟಿಕೆಟ್ಟಿನಲ್ಲಿ ಒಂದು ತಾಸು, ರೋಗಿಗೆ ಏಳು ತಾಸು

2022ರ ಮಳೆಗಾಲದ ಒಂದು ಬೆಳಗ್ಗೆ. ಗಂಟೆ ಒಂಬತ್ತಾಗಿತ್ತು. ಬೀದರದ ನನ್ನ ದವಾಖಾನೆಯ ಮುಂದೆ ಔರಾದ ಕಡೆಯ ಹಳ್ಳಿಯಿಂದ ಬಂದ ಜೀಪೊಂದು ನಿಂತಿತು. ಅರವತ್ತು ದಾಟಿದ ರೈತರೊಬ್ಬರನ್ನು ಇಬ್ಬರು ಹಿಡಿದುಕೊಂಡು ಒಳಗೆ ಕರೆತಂದರು. ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಎಡಗೈಯನ್ನು ಎದೆಗೆ ಒತ್ತಿ ಹಿಡಿದಿದ್ದರು.

"ಸಾಹೇಬ್ರೇ, ಅಪ್ಪಗ ಒಂದು ಸರ್ಟಿಫಿಕೇಟ್ ಬರ್ದು ಕೊಡ್ರಿ. ಮಧ್ಯಾಹ್ನ ಎರಡೂವರಿಗಿ ವಿಮಾನ ಅದ. ಬೆಂಗಳೂರಾಗ ನಮ್ಮ ತಮ್ಮ ಅದಾನ, ದೊಡ್ಡ ದವಾಖಾನಿಗಿ ತೋರಸ್ತಾನ. ಒಂದೇ ತಾಸಿನ ದಾರಿ ಅಲ್ಲೇನ್ರಿ" ಎಂದು ಹಿರಿಯ ಮಗ ಹೇಳಿದರು.

ಎದೆನೋವು ಯಾವಾಗ ಶುರುವಾಯಿತು ಎಂದು ಕೇಳಿದೆ. ಬೆಳಗಿನ ಐದು ಗಂಟೆಗೆ, ಎಮ್ಮೆ ಹಿಂಡಲು ಎದ್ದಾಗ ಎಂದರು. ಇಸಿಜಿ ತೆಗೆದು ನೋಡಿದೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ, ಅದು ಹೃದಯಾಘಾತ. ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗಲು ಕೊಟ್ಟು, ಒಂದು ಕಾಗದದ ಮೇಲೆ ಮಗನ ಎದುರಿಗೇ ಲೆಕ್ಕ ಬರೆದೆ. ಎರಡೂವರೆಗೆ ಹೊರಟ ವಿಮಾನ ಮುಕ್ಕಾಲು ನಾಲ್ಕರ ಸುಮಾರಿಗೆ ಇಳಿಯುತ್ತದೆ. ಹೊರಗೆ ಬರುವಷ್ಟರಲ್ಲಿ ನಾಲ್ಕೂಕಾಲು. ಅಲ್ಲಿಂದ ಬೆಂಗಳೂರಿನ ವಾಹನಗಳ ನಡುವೆ ಆಸ್ಪತ್ರೆ ಮುಟ್ಟುವಾಗ ಆರು. ನೋವು ಶುರುವಾಗಿದ್ದು ಐದಕ್ಕೆ. ಅಂದರೆ ಹದಿಮೂರು ತಾಸು.

"ಒಂದು ತಾಸಲ್ಲ, ಹದಿಮೂರು ತಾಸು" ಎಂದೆ. ಮಗ ಕಾಗದವನ್ನೇ ನೋಡುತ್ತ ನಿಂತರು. ಹತ್ತು ನಿಮಿಷದೊಳಗೆ ರೋಗಿ ಬೀದರದ ಆಸ್ಪತ್ರೆಯಲ್ಲಿದ್ದರು. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಅಲ್ಲಿಯೇ ಸಿಕ್ಕಿತು.

ಆ ದಿನದ ಲೆಕ್ಕವನ್ನು ಓದುಗರ ಮುಂದಿಡುವುದೇ ಈ ವಾರದ ಉದ್ದೇಶ. ವಿಮಾನ ಬಂದುದರಿಂದ ನಮ್ಮ ಭಾಗದ ರೋಗಿಗಳಿಗೆ ದೊಡ್ಡ ಅನುಕೂಲವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಟಿಕೆಟ್ಟಿನ ಮೇಲಿರುವ ಹೊತ್ತು ಒಂದು, ರೋಗಿಯ ದೇಹ ಅನುಭವಿಸುವ ಹೊತ್ತು ಇನ್ನೊಂದು. ಇದನ್ನು ಅರಿಯದೆ ಹೊರಟರೆ ಅನುಕೂಲವೇ ಅಪಾಯವಾಗಬಹುದು.

ದೂರ ಎಷ್ಟು, ಹೊತ್ತು ಎಷ್ಟು?

ಬೀದರದ ವಿಮಾನ ನಿಲ್ದಾಣದಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 520 ಕಿಲೋಮೀಟರ್. ರಸ್ತೆಯಲ್ಲಿ ಹೋದರೆ ಇದು 700 ಕಿಲೋಮೀಟರಿನ ಆಸುಪಾಸು. ಬಸ್ಸಿಗೂ ರೈಲಿಗೂ ಇಡೀ ರಾತ್ರಿಯ ಪ್ರಯಾಣ. ಕಲಬುರಗಿ–ಬೀದರ ರೈಲು ಮಾರ್ಗ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಬೀದರದ ವಾಯುಪಡೆ ನೆಲೆಯ ಓಡುದಾರಿಯನ್ನೇ ಬಳಸಿಕೊಂಡು 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ನಾಗರಿಕ ವಿಮಾನ ಹಾರಿತು. ಆ ಬಳಿಕ ಈ ಸೇವೆ ನಿಂತದ್ದೂ ಉಂಟು, 2022ರಲ್ಲಿ ಮತ್ತೆ ಶುರುವಾದದ್ದೂ ಉಂಟು. 2023ರ ಕೊನೆಯಲ್ಲಿ ಪುನಃ ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಆರಂಭವಾಯಿತು. ಆದ್ದರಿಂದ ರೋಗಿಯನ್ನು ಕರೆದೊಯ್ಯುವವರು ವಾರದ ಯಾವ ದಿನ ವಿಮಾನವಿದೆ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಜೆಟ್ ವಿಮಾನ ಗಂಟೆಗೆ ಸುಮಾರು 800 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ಆ ಲೆಕ್ಕದಲ್ಲಿ 520 ಕಿಲೋಮೀಟರಿಗೆ 40 ನಿಮಿಷ ಸಾಕು. ಹಾಗಾದರೆ ಟಿಕೆಟ್ಟಿನಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಬರೆದಿರುವುದೇಕೆ? ನೆಲದ ಮೇಲೆ ಓಡುದಾರಿಯ ತುದಿಗೆ ಸಾಗಲು, ಮೇಲೇರಲು, ಇಳಿಯುವ ಸರದಿಗಾಗಿ ಸುತ್ತಲು, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಬರಲು ಹಿಡಿಯುವ ಸಮಯವೆಲ್ಲ ಅದರಲ್ಲಿ ಸೇರಿರುತ್ತದೆ. ಆದರೆ ಮನೆಯ ಹೊಸ್ತಿಲಿನಿಂದ ನಿಲ್ದಾಣದವರೆಗಿನ ಹೊತ್ತು ಅದರಲ್ಲಿ ಸೇರಿರುವುದಿಲ್ಲ.

ಔರಾದದಿಂದಾಗಲಿ ಭಾಲ್ಕಿಯಿಂದಾಗಲಿ ಬೀದರಕ್ಕೆ ಬರಲು ಒಂದು ಗಂಟೆ, ಒಂದೂಕಾಲು ಗಂಟೆ ಹಿಡಿಯಿರಿ. ನಿಲ್ದಾಣಕ್ಕೆ ಎರಡು ಗಂಟೆ ಮುಂಚೆ ಹೋಗಬೇಕು. ವಿಮಾನದಲ್ಲಿ ಒಂದೂಕಾಲು ಗಂಟೆ. ಇಳಿದು ಸಾಮಾನು ಪಡೆಯಲು ಅರ್ಧ ಗಂಟೆ. ಅಲ್ಲಿಂದ ಜಯದೇವ, ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆಗಳಿರುವ ಬೆಂಗಳೂರಿನ ದಕ್ಷಿಣ ಭಾಗಕ್ಕೆ ಒಂದೂವರೆಯಿಂದ ಎರಡು ಗಂಟೆ. ಕೂಡಿಸಿ ನೋಡಿ, ಏಳು ಗಂಟೆಯ ಹತ್ತಿರ ಬರುತ್ತದೆ. ಹೈದರಾಬಾದಿಗೆ ಹೋಗಿ ಶಂಷಾಬಾದಿನಿಂದ ವಿಮಾನ ಹತ್ತುವವರು ಇದಕ್ಕೆ ಇನ್ನೂ ಒಂದೆರಡು ಗಂಟೆ ಸೇರಿಸಿಕೊಳ್ಳಬೇಕು. ಔಷಧ, ಊಟ, ನೀರು, ವಿಶ್ರಾಂತಿ ಎಲ್ಲವನ್ನೂ ಈ ಏಳು ಗಂಟೆಯ ಲೆಕ್ಕದಲ್ಲಿಯೇ ಯೋಜಿಸಬೇಕು.

ವಿಮಾನಕ್ಕಾಗಿ ಕಾಯಬಾರದ ಕಾಯಿಲೆಗಳು

ಹೃದಯಾಘಾತವೆಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿ ದಾರಿ ಮುಚ್ಚುವುದು. ದಾರಿ ತೆರೆಯುವುದು ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ಸತ್ತ ಸ್ನಾಯು ಮರಳಿ ಬರುವುದಿಲ್ಲ. ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಒಂದೆರಡು ಗಂಟೆಗಳಲ್ಲಿ ಸಿಕ್ಕರೆ ಅತ್ಯುತ್ತಮ. ಹನ್ನೆರಡು ಗಂಟೆ ಕಳೆದ ಮೇಲೆ ಅದರಿಂದ ಆಗುವ ಲಾಭ ಬಹಳ ಕಡಿಮೆ. ಈ ಚುಚ್ಚುಮದ್ದನ್ನು ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಮಾಡಿದೆ. ನಿಮಗೆ ಹತ್ತಿರದ ಆಸ್ಪತ್ರೆಯಲ್ಲಿ ಇದು ಸಿಗುತ್ತದೆಯೇ ಎಂದು ಆರೋಗ್ಯವಾಗಿರುವಾಗಲೇ ಕೇಳಿ ತಿಳಿದುಕೊಳ್ಳಿ. ಚುಚ್ಚುಮದ್ದಿನ ನಂತರ ಬೇಕಾಗುವ ಆಂಜಿಯೋಗ್ರಾಂಗೆ ಬೆಂಗಳೂರೇ ಆಗಬೇಕೆಂದೇನೂ ಇಲ್ಲ. ಜಯದೇವ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿಯೂ ಇದೆ.

ಪಾರ್ಶ್ವವಾಯು, ಅಂದರೆ ನಮ್ಮ ಜನ ಲಕ್ವಾ ಎನ್ನುವ ಕಾಯಿಲೆಯಲ್ಲಿ ಸಮಯ ಇನ್ನೂ ಬಿಗಿ. ಮೆದುಳಿನ ನಾಳದಲ್ಲಿ ಹೆಪ್ಪು ಕಟ್ಟಿದ್ದರೆ, ಅದನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ, ಇದು ಹೆಪ್ಪೋ ರಕ್ತಸ್ರಾವವೋ ಎಂದು ತಿಳಿಯಲು ಸ್ಕ್ಯಾನ್ ಆಗಬೇಕು. ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಂಡು, ಸ್ಕ್ಯಾನ್ ಇರುವ ಅತಿ ಹತ್ತಿರದ ಆಸ್ಪತ್ರೆಗೆ ಹೊರಡಬೇಕು.

ಇಲ್ಲಿ ಇನ್ನೊಂದು ಪ್ರಸಂಗ ಹೇಳಲೇಬೇಕು. ಭಾಲ್ಕಿ ಕಡೆಯ ಅಜ್ಜಿಯೊಬ್ಬರಿಗೆ ಬೆಳಗ್ಗೆ ಮಾತು ತೊದಲಿತು. ಮನೆಯವರು ಬೆಂಗಳೂರಿನ ಮಗನಿಗೆ ಫೋನು ಮಾಡಿದರು. "ನಾನು ವಿಮಾನಕ್ಕೆ ಬರುತ್ತೇನೆ, ನಾನು ಬಂದ ಮೇಲೆ ಎಲ್ಲಿಗೆ ಒಯ್ಯಬೇಕೆಂದು ನೋಡೋಣ, ಅಲ್ಲಿಯವರೆಗೆ ಮಲಗಿಸಿರಿ" ಎಂದರಂತೆ ಅವರು. ತಾಯಿಯ ಮೇಲಿನ ಪ್ರೀತಿಯಿಂದಲೇ ಹೇಳಿದ ಮಾತು ಅದು. ಮಗ ಮನೆ ಮುಟ್ಟಿದ್ದು ಸಂಜೆಗೆ. ಅಷ್ಟರಲ್ಲಿ ಅಜ್ಜಿಯ ಬಲಗೈ ಬಲಗಾಲು ಪೂರ್ತಿ ಸೋತಿದ್ದವು. ಅಜ್ಜಿ ಬದುಕಿದರು, ಮಾತು ಮರಳಲಿಲ್ಲ. ಬೇಗ ಒಯ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂದು ಯಾವ ವೈದ್ಯನೂ ಆಣೆ ಮಾಡಿ ಹೇಳಲಾರ. ಆದರೆ ಅವಕಾಶವೊಂದು ಇತ್ತು, ಅದು ಕಾಯುತ್ತ ಕಾಯುತ್ತ ಕಳೆದುಹೋಯಿತು. ದೂರದ ಊರಿನಲ್ಲಿರುವ ಮಕ್ಕಳು ಇದನ್ನು ದಯವಿಟ್ಟು ಗಮನಿಸಬೇಕು. ನೀವು ಬರುವುದು ಎಷ್ಟು ಮುಖ್ಯವೋ, "ನನಗಾಗಿ ಕಾಯಬೇಡಿ, ಈಗಲೇ ಹೊರಡಿ" ಎಂದು ಫೋನಿನಲ್ಲಿ ಹೇಳುವುದು ಅದಕ್ಕಿಂತ ಮುಖ್ಯ.

ಹೊಲದಲ್ಲಿ ಹಾವು ಕಚ್ಚಿದಾಗ, ಗರ್ಭಿಣಿಗೆ ರಕ್ತಸ್ರಾವವಾದಾಗ, ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದಾಗ ಕೂಡ ಇದೇ ನಿಯಮ. ಮೊದಲ ಚಿಕಿತ್ಸೆ ಅತಿ ಹತ್ತಿರದ ಆಸ್ಪತ್ರೆಯಲ್ಲಿ. 108ಕ್ಕೆ ಕರೆ ಮಾಡಿ. ಬೆಂಗಳೂರು, ಹೈದರಾಬಾದು, ಸೊಲ್ಲಾಪುರಗಳ ಮಾತು ಆಮೇಲೆ.

ಹತ್ತಿರದ ಊರಾದರೂ ಎತ್ತರ ಎತ್ತರವೇ

"ಒಂದೇ ತಾಸಿನ ಹಾರಾಟವಲ್ಲವೇ, ಅದರಿಂದ ಏನಾದೀತು?" ಎಂದು ಬಹಳ ಜನ ಕೇಳುತ್ತಾರೆ. ದೂರ ಕಡಿಮೆಯಾದರೆ ಕುಳಿತುಕೊಳ್ಳುವ ಹೊತ್ತು ಕಡಿಮೆಯಾಗುತ್ತದೆ, ನಿಜ. ಆದರೆ ಜೆಟ್ ವಿಮಾನ ದೆಹಲಿಗೆ ಹೋಗಲಿ, ಬೆಂಗಳೂರಿಗೆ ಹೋಗಲಿ, ಬಹಳ ಎತ್ತರಕ್ಕೆ ಏರಿಯೇ ಹಾರುತ್ತದೆ. ಒಳಗೆ ಗಾಳಿಯ ಒತ್ತಡವನ್ನು ಯಂತ್ರದಿಂದ ಹೆಚ್ಚಿಸಿಟ್ಟಿರುತ್ತಾರಾದರೂ, ಅದು ನೆಲದ ಮೇಲಿನಷ್ಟು ಇರುವುದಿಲ್ಲ. ಸಾಮಾನ್ಯವಾಗಿ 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇದ್ದಂತೆ ಇರುತ್ತದೆ. ಅಂದರೆ ವಿಮಾನದಲ್ಲಿ ಕುಳಿತವರು ಮುಳ್ಳಯ್ಯನಗಿರಿಯ ತುದಿಯಲ್ಲೋ ಊಟಿಯಲ್ಲೋ ಕುಳಿತಂತೆ.

ಇದರಿಂದ ಎರಡು ಪರಿಣಾಮಗಳಾಗುತ್ತವೆ. ಮೊದಲನೆಯದು, ಉಸಿರಿನಲ್ಲಿ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಆರೋಗ್ಯವಂತರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಹಳೆಯ ದಮ್ಮು, ಹೃದಯದ ದೌರ್ಬಲ್ಯ, ತೀವ್ರ ರಕ್ತಹೀನತೆ ಇರುವವರಿಗೆ ಏದುಸಿರು ಬರಬಹುದು, ಎದೆನೋವು ಕಾಣಿಸಿಕೊಳ್ಳಬಹುದು. ನೆಲದ ಮೇಲೆ ಸುಮ್ಮನೆ ಕುಳಿತಾಗಲೇ ರಕ್ತದ ಆಮ್ಲಜನಕ ನೂರಕ್ಕೆ 92ಕ್ಕಿಂತ ಕಡಿಮೆ ಇದ್ದರೆ, ಹಿಮೋಗ್ಲೋಬಿನ್ ಏಳೂವರೆ ಗ್ರಾಮಿಗಿಂತ ಕೆಳಗಿದ್ದರೆ, ವೈದ್ಯರ ಸಲಹೆ ಇಲ್ಲದೆ ವಿಮಾನ ಹತ್ತಬಾರದು.

ಎರಡನೆಯದು, ಒತ್ತಡ ಕಡಿಮೆಯಾದಾಗ ದೇಹದೊಳಗೆ ಸಿಕ್ಕಿಕೊಂಡಿರುವ ಗಾಳಿ ಹಿಗ್ಗುತ್ತದೆ. ಎಂಟು ಸಾವಿರ ಅಡಿಯ ಒತ್ತಡದಲ್ಲಿ ಅದರ ಗಾತ್ರ ಸಮುದ್ರ ಮಟ್ಟದಲ್ಲಿ ಇರುವುದಕ್ಕಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚುತ್ತದೆ. ಹೊಟ್ಟೆ ಉಬ್ಬರಿಸುವುದು ಇದರಿಂದಲೇ. ಆರೋಗ್ಯವಂತರಿಗೆ ಇದು ಚಿಕ್ಕ ಕಿರಿಕಿರಿ. ಆದರೆ ಶ್ವಾಸಕೋಶದ ಸುತ್ತ ಗಾಳಿ ತುಂಬಿರುವವರಿಗೆ, ಹೊಟ್ಟೆ ಅಥವಾ ಎದೆ ತೆರೆದು ಶಸ್ತ್ರಚಿಕಿತ್ಸೆ ಆದವರಿಗೆ, ಅಕ್ಷಿಪಟಲದ ಚಿಕಿತ್ಸೆಗಾಗಿ ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬಿಸಿಕೊಂಡವರಿಗೆ ಇದು ನಿಜವಾದ ಅಪಾಯ.

ಮರಳುವ ಪ್ರಯಾಣವನ್ನು ಮರೆಯಬೇಡಿ

ಹೋಗುವಾಗ ಕಾಳಜಿ ವಹಿಸುವ ಕುಟುಂಬದವರು, ಬೆಂಗಳೂರಿನಲ್ಲಿ ಡಿಸ್ಚಾರ್ಜ್ ಆದೊಡನೆ "ಇನ್ನೇನು, ನಾಳೆಯೇ ವಿಮಾನಕ್ಕೆ ಊರಿಗೆ" ಎಂದು ಟಿಕೆಟ್ ತೆಗೆಸಿಬಿಡುತ್ತಾರೆ. ಆಸ್ಪತ್ರೆಯಿಂದ ಬಿಡುಗಡೆ ಆಗುವುದೂ ಆಕಾಶಕ್ಕೆ ಏರಲು ತಯಾರಾಗುವುದೂ ಒಂದೇ ಅಲ್ಲ.

ತೊಡಕಿಲ್ಲದ ಹೃದಯಾಘಾತದ ನಂತರ ಸಾಮಾನ್ಯವಾಗಿ ಏಳರಿಂದ ಹತ್ತು ದಿನ, ಪಾರ್ಶ್ವವಾಯುವಿನ ನಂತರ ಹತ್ತು ದಿನದಿಂದ ಎರಡು ವಾರ ಕಾಯುವುದು ಕ್ಷೇಮ. ಹೊಟ್ಟೆ ತೆರೆದು ಮಾಡಿದ ಶಸ್ತ್ರಚಿಕಿತ್ಸೆಗೆ ಹತ್ತು ದಿನ. ದುರ್ಬೀನಿನ ಶಸ್ತ್ರಚಿಕಿತ್ಸೆಗೆ ನಾಲ್ಕೈದು ದಿನ. ಕಣ್ಣಿನಲ್ಲಿ ಅನಿಲದ ಗುಳ್ಳೆ ಇರುವವರು ಅದು ಪೂರ್ತಿ ಕರಗಿತೆಂದು ನೇತ್ರತಜ್ಞರು ಹೇಳುವವರೆಗೆ ಹತ್ತಲೇಬಾರದು. ಸಾಮಾನ್ಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಇಷ್ಟು ಕಟ್ಟುನಿಟ್ಟಿಲ್ಲ. ಮೂಳೆ ಮುರಿದು ಪೂರ್ತಿ ಪ್ಲಾಸ್ಟರ್ ಹಾಕಿಸಿಕೊಂಡವರು, ಹಾರಾಟ ಎರಡು ಗಂಟೆಗಿಂತ ಕಡಿಮೆಯಿದ್ದರೆ 24 ಗಂಟೆ, ಹೆಚ್ಚಿದ್ದರೆ 48 ಗಂಟೆ ಕಾಯಬೇಕು. ಬಾವು ಬಂದು ಪ್ಲಾಸ್ಟರ್ ಬಿಗಿಯಾಗುವ ಭಯವಿರುತ್ತದೆ. ಇವೆಲ್ಲ ಸಾಮಾನ್ಯ ಲೆಕ್ಕಗಳು. ನಿಮ್ಮ ಮಟ್ಟಿಗೆ ಕೊನೆಯ ಮಾತು ಚಿಕಿತ್ಸೆ ಮಾಡಿದ ವೈದ್ಯರದು. ಡಿಸ್ಚಾರ್ಜ್ ಕಾಗದ ಪಡೆಯುವಾಗಲೇ "ವಿಮಾನ ಯಾವ ದಿನದಿಂದ ಹತ್ತಬಹುದು?" ಎಂದು ಕೇಳಿ ಅದರ ಮೇಲೆಯೇ ಬರೆಸಿಕೊಳ್ಳಿ.

ಗರ್ಭಿಣಿಯರು, ತೊಡಕಿಲ್ಲದಿದ್ದರೆ, 36 ವಾರಗಳವರೆಗೆ ಪ್ರಯಾಣ ಮಾಡಬಹುದು. ಅವಳಿ ಮಕ್ಕಳಿದ್ದರೆ 32 ವಾರ. ಏಳನೇ ತಿಂಗಳ ನಂತರ ವೈದ್ಯರ ಪತ್ರ ಕೇಳುವ ವಿಮಾನ ಸಂಸ್ಥೆಗಳಿವೆ, ನಿಯಮ ಒಂದೊಂದರದು ಒಂದೊಂದು ರೀತಿ. ಹುಟ್ಟಿ ಒಂದು ವಾರವೂ ಆಗದ ಕೂಸನ್ನು ವಿಮಾನದಲ್ಲಿ ಒಯ್ಯಬಾರದು. ಎಳೆಗೂಸುಗಳು ವಿಮಾನ ಇಳಿಯುವಾಗ ಕಿವಿನೋವಿನಿಂದ ಅಳುತ್ತವೆ. ಆಗ ಮೊಲೆಯೂಡಿಸಿದರೆ ನುಂಗುವ ಕ್ರಿಯೆಯಿಂದ ಕಿವಿಯ ಒತ್ತಡ ಸರಿಹೋಗುತ್ತದೆ. ದೊಡ್ಡವರು ಉಗುಳು ನುಂಗುತ್ತಿದ್ದರೆ, ಬಾಯಲ್ಲಿ ಪೆಪ್ಪರಮೆಂಟು ಇಟ್ಟುಕೊಂಡರೆ ಸಾಕು. ಜೋರು ನೆಗಡಿಯಿದ್ದಾಗ ಪ್ರಯಾಣ ಮುಂದೂಡುವುದು ಲೇಸು.

ಕಾಲಿನ ಹೆಪ್ಪು: ಬಸ್ಸಿಗೂ ಅನ್ವಯ

ವಿಮಾನದಲ್ಲಿ ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ ಎಂದು ಓದಿ ಹೆದರಿದವರು ನನ್ನಲ್ಲಿಗೆ ಬರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆ ಅಥವಾ ಹೆಚ್ಚು ಹೊತ್ತು ಅಲುಗಾಡದೆ ಕುಳಿತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಹಾಗೆಂದು ಗಾಬರಿಯಾಗಬೇಕಿಲ್ಲ, ಆರೋಗ್ಯವಂತರಲ್ಲಿ ಅದು ಸುಮಾರು ಆರು ಸಾವಿರಕ್ಕೆ ಒಬ್ಬರಿಗೆ ಮಾತ್ರ. ಮುಖ್ಯವಾದ ಸಂಗತಿ ಬೇರೆಯೇ ಇದೆ. ಈ ಮಾತು ವಿಮಾನಕ್ಕೆ ಮಾತ್ರವಲ್ಲ, ಬಸ್ಸು, ಕಾರು, ರೈಲುಗಳಿಗೂ ಅನ್ವಯಿಸುತ್ತದೆ. ಹಾಗೆ ನೋಡಿದರೆ ಬೀದರದವರು ಹೆಪ್ಪಿಗೆ ಹೆದರಬೇಕಾದದ್ದು ಒಂದೂಕಾಲು ಗಂಟೆಯ ವಿಮಾನಕ್ಕಲ್ಲ, ರಾತ್ರಿಯಿಡೀ ಕಾಲು ಇಳಿಬಿಟ್ಟು ಕೂರುವ ಬಸ್ಸಿಗೆ.

ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಬಾಣಂತಿಯರು, ಕ್ಯಾನ್ಸರ್ ರೋಗಿಗಳು, ಹಿಂದೊಮ್ಮೆ ಹೆಪ್ಪು ಕಟ್ಟಿದವರು ವಿಶೇಷ ಎಚ್ಚರ ವಹಿಸಬೇಕು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಆಗದಿದ್ದರೆ ಕುಳಿತಲ್ಲಿಯೇ ಪಾದವನ್ನು ಮೇಲೆ ಕೆಳಗೆ ಆಡಿಸಿ. ನೀರು ಕುಡಿಯಿರಿ. ದಾರಿಯಲ್ಲಿ ಮೂತ್ರಕ್ಕೆ ಅನುಕೂಲವಿಲ್ಲವೆಂದು ನಮ್ಮ ಹೆಣ್ಣುಮಕ್ಕಳು ಬೆಳಗಿನಿಂದ ನೀರನ್ನೇ ಮುಟ್ಟದೆ ಹೊರಡುತ್ತಾರೆ. ಇದು ಹೆಪ್ಪಿಗೂ ದಾರಿ, ಮೂತ್ರದ ಸೋಂಕಿಗೂ ದಾರಿ. ಪ್ರಯಾಣದ ನಂತರ ಒಂದೇ ಕಾಲು ಬಾತು ನೋವಾದರೆ, ಅಥವಾ ದಿಢೀರನೆ ಉಸಿರು ಕಟ್ಟಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಚೀಲ ಕಟ್ಟುವಾಗ

ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಕೈಚೀಲದಲ್ಲಿಯೇ ಇರಲಿ. ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿಟ್ಟರೆ ಅದು ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಪೆಟ್ಟಿಗೆ ಬೇರೆಲ್ಲಿಗಾದರೂ ಹೋದರೆ ಔಷಧವೂ ಹೋದಂತೆ. ಜೊತೆಗೆ ವೈದ್ಯರ ಚೀಟಿ, ನಾಲ್ಕು ಬಿಸ್ಕತ್ತು, ಸ್ವಲ್ಪ ಸಕ್ಕರೆ ಇರಬೇಕು. ಬೆಳಗಿನ ಇನ್ಸುಲಿನ್ ಚುಚ್ಚಿಕೊಂಡು, "ಒಂದೇ ತಾಸು, ಅಲ್ಲಿಯೇ ಹೋಗಿ ಉಂಡರಾಯಿತು" ಎಂದು ಹೊರಟವರಿಗೆ ಏಳು ಗಂಟೆಯ ದಾರಿಯಲ್ಲಿ ಸಕ್ಕರೆ ಇಳಿದು ತಲೆ ತಿರುಗುವುದನ್ನು ನಾನು ಕಂಡಿದ್ದೇನೆ. ರಕ್ತದೊತ್ತಡದ ಮಾತ್ರೆಯನ್ನು ಪ್ರಯಾಣದ ದಿನ ಬಿಡಬೇಡಿ. ಮೂತ್ರ ಹೆಚ್ಚಿಸುವ ಮಾತ್ರೆಯಾಗಿದ್ದರೆ ಹೊತ್ತು ಬದಲಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಇಸಿಜಿ, ಎಕ್ಸ್‌ರೇ, ಹಳೆಯ ಚೀಟಿಗಳೆಲ್ಲ ಕೈಯಲ್ಲಿರಲಿ.

ನಡೆಯಲಾರದವರಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ತೆಗೆಸುವಾಗಲೇ ಹೇಳಿ. ಸ್ವಂತ ಆಮ್ಲಜನಕದ ಸಿಲಿಂಡರನ್ನು ಹೊತ್ತು ವಿಮಾನ ಹತ್ತಲು ಬಿಡುವುದಿಲ್ಲ. ಅದರ ವ್ಯವಸ್ಥೆಗೆ ವಿಮಾನ ಸಂಸ್ಥೆಯ ವೈದ್ಯಕೀಯ ಅರ್ಜಿಯನ್ನು ವೈದ್ಯರಿಂದ ತುಂಬಿಸಿ ಮುಂಚಿತವಾಗಿ ಕೊಡಬೇಕು. ಚಿಕ್ಕ ವಿಮಾನಗಳಲ್ಲಿ ಮಲಗಿಸಿ ಒಯ್ಯುವ ಸೌಕರ್ಯ ಇಲ್ಲದಿರಬಹುದು. ಇದನ್ನು ನಿಲ್ದಾಣಕ್ಕೆ ಹೋಗಿ ಕೇಳುವುದಲ್ಲ, ಮನೆಯಿಂದಲೇ ಕೇಳಬೇಕು.

ಔರಾದದ ಆ ರೈತರು ಎರಡು ವಾರ ಕಳೆದ ಮೇಲೆ ವಿಮಾನದಲ್ಲಿಯೇ ಬೆಂಗಳೂರಿಗೆ ಹೋಗಿ ಆಂಜಿಯೋಗ್ರಾಂ ಮಾಡಿಸಿಕೊಂಡು ಬಂದರು. ಈಗಲೂ ತಿಂಗಳಿಗೊಮ್ಮೆ ಮಾತ್ರೆಗೆ ಬರುತ್ತಾರೆ. ಅವರ ಮಗ ಆ ಕಾಗದವನ್ನು ಇಟ್ಟುಕೊಂಡಿದ್ದಾರಂತೆ. ನೀವೂ ಇಂದೇ ಒಂದು ಕಾಗದ ತೆಗೆದುಕೊಳ್ಳಿ. ಹೃದಯದ ಚುಚ್ಚುಮದ್ದು ಸಿಗುವ ಆಸ್ಪತ್ರೆ ಯಾವುದು, ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು, ನಿಮ್ಮ ಮನೆಯಿಂದ ಅಲ್ಲಿಗೆ ಎಷ್ಟು ನಿಮಿಷ ಎಂದು ಬರೆದು, ಕೆಳಗೆ 108 ಎಂದು ದೊಡ್ಡದಾಗಿ ಬರೆದು, ಅಡುಗೆಮನೆಯ ಗೋಡೆಗೆ ಅಂಟಿಸಿ. ಬೆಂಗಳೂರಿನಲ್ಲಿರುವ ಮಗನಿಗೂ ಮಗಳಿಗೂ ಅದನ್ನು ಓದಿ ಹೇಳಿ.